ಏಡಿಯ ಮೂತಿಯ ಮೇಲಿದ್ದ ಕಸ

ಕಳೆದ ಡಿಸೆಂಬರ್‌ನಲ್ಲಿ ಮಂಗಳೂರಿನ ಹತ್ತಿರದ ಸೋಮೇಶ್ವರದ ಕಡಲ ಬಂಡೆಗಳ ಮೇಲೆ ಕೂತು ನಾನೊಂದು ತಪ್ಪು ಮಾಡಿದೆ. ಕೇಳಿದವರಿಗೆ ಅದು ತಪ್ಪು ಅಂತಲೂ ಅನ್ನಿಸಲಿಕ್ಕಿಲ್ಲ. ಎರಡು ಬೆರಳಿನಿಂದ ಒಂದು ಎಳೆ ಪಾಚಿ ಕಿತ್ತೆ, ಅಷ್ಟೇ. ಆದರೆ ಘಾಟಿ ಹತ್ತಿ ಮನೆಗೆ ಬಂದ ಮೇಲೂ, ಕಾಫಿ ಕೊಯ್ಲು ಮುಗಿದ ಮೇಲೂ, ಈಗ ಮಳೆ ಹಿಡಿದು ತೋಡು ತುಂಬಿ ಹರಿಯುವಾಗಲೂ ಆ ಎಳೆ ನನ್ನ ಬೆರಳಿಗೆ ಅಂಟಿಕೊಂಡ ಹಾಗೇ ಇದೆ.

ಅಣ್ಣನ ಮಗಳಿಗೆ ಶಾಲೆಗೆ ರಜೆ ಇತ್ತು. ಸಮುದ್ರ ನೋಡಲೇಬೇಕು ಅಂತ ಹಟ ಹಿಡಿದಿದ್ದಳು. ಅರೇಬಿಕಾ ಕೊಯ್ಲಿನ ನಡುವೆ ಒಂದು ದಿನ ಹೇಗೋ ಬಿಡುವು ಮಾಡಿಕೊಂಡು, ಕೊಡಗಿನ ನಮ್ಮ ನಾಪೋಕ್ಲು ಬಿಟ್ಟು ಮಡಿಕೇರಿ, ಸಂಪಾಜೆ, ಸುಳ್ಯ ದಾಟಿ ಇಳಿದೆವು. ಮಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ನನ್ನ ಹಳೇ ಗೆಳತಿಯೂ ಬಂದು ಸೇರಿಕೊಂಡಳು. ನಾವು ಹೋದಾಗ ನೀರು ಚೆನ್ನಾಗಿ ಇಳಿದಿತ್ತು. ಬಂಡೆಗಳ ನಡುವಿನ ಗುಂಡಿಗಳಲ್ಲಿ ಮಾತ್ರ ನೀರು ನಿಂತಿತ್ತು. ಮೊರದಷ್ಟು ಅಗಲದ ಒಂದು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಹುಡುಗಿ ಇದ್ದಕ್ಕಿದ್ದಂತೆ ಕೂಗಿದಳು. "ಅತ್ತೆ, ಇಲ್ಲಿ ಪಾಚಿ ನಡೀತಾ ಇದೆ!"

ಬಗ್ಗಿ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಕೆಂಪು ಕಂದು ಬಣ್ಣದ ಪಾಚಿಯ ಪೊದೆ, ಅದರ ಬುಡದಲ್ಲಿ ಒಂದಿಷ್ಟು ಮರಳು. ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಯಿತು. ಎಲ್ಲ ಎಳೆಗಳೂ ನೀರಿನ ಜೊತೆ ಆ ಕಡೆ ಈ ಕಡೆ ಆಡುತ್ತಿದ್ದರೆ, ಒಂದು ಎಳೆ ಮಾತ್ರ ತನ್ನ ಪಾಡಿಗೆ ತಾನು ಬೇರೆ ಕಡೆ ಹೋಗುತ್ತಿತ್ತು. ಅದರ ಕೆಳಗೆ ಒಂದು ಏಡಿ. ಮೈ ನನ್ನ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ. ಮುಂದೆ ಚೂಪು, ಹಿಂದೆ ಅಗಲ. ಹಣೆಯಿಂದ ನೇರ ಮುಂದಕ್ಕೆ ಚಾಚಿದ ಒಂದೇ ಒಂದು ಉದ್ದ ಕೊಂಬು. ಕಡ್ಡಿಯಂಥ ಕಾಲುಗಳು. ಬಣ್ಣವೂ ಪಾಚಿಯದ್ದೇ. ನಾನು ಬೆಳೆದದ್ದು ದಪ್ಪ ಕೊಂಡಿಯ ಗದ್ದೆ ಏಡಿ ನೋಡಿ. ಈ ಪ್ರಾಣಿಯನ್ನು ಏಡಿ ಅಂತ ಒಪ್ಪಲಿಕ್ಕೇ ನನಗೆ ಹೊತ್ತು ಹಿಡಿಯಿತು.

ಅಂಗೈ ಒಡ್ಡಿದೆ, ನಿಧಾನಕ್ಕೆ ಹತ್ತಿತು. ಅದರ ಕೊಂಬಿಗೆ ಎರಡು ಎಳೆ ಪಾಚಿ ಸಿಕ್ಕಿಕೊಂಡಿದ್ದು ಕಂಡಿತು. ಪಾಪ, ನಡೆಯಲಿಕ್ಕೆ ತೊಂದರೆ ಆಗುತ್ತಿರಬೇಕು ಅಂದುಕೊಂಡು ಹುಷಾರಾಗಿ ಒಂದು ಎಳೆ ಬಿಡಿಸಿದೆ. ಬಿಡಿಸುವಾಗ ಸಣ್ಣಗೆ ಜಗ್ಗಿತು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಗೆಳತಿ ನನ್ನ ಮುಂಗೈ ಹಿಡಿದಳು. "ಅಯ್ಯೋ, ಯಾಕೆ ಕಿತ್ತೆ ಮಾರಾಯ್ತಿ? ಅದು ಸಿಕ್ಕಿಕೊಂಡದ್ದಲ್ಲ. ಅದೇ ಹಾಕಿಕೊಂಡದ್ದು."

ಉತ್ತರಾಣಿ ಮತ್ತು ಏಡಿ

ಇದು ಜೇಡ ಏಡಿಗಳ ಗುಂಪಿಗೆ ಸೇರಿದ್ದು. ಕಾಲು ಜೇಡದ ಹಾಗೆ ಇರುವುದರಿಂದ ಆ ಹೆಸರು. ಜೇಡಕ್ಕೂ ಇದಕ್ಕೂ ಅಷ್ಟು ಬಿಟ್ಟರೆ ಬೇರೆ ನಂಟಿಲ್ಲ. ಇಂಟರ್ನೆಟ್‌ನಲ್ಲಿ ಜೇಡ ಏಡಿ ಅಂತ ಹುಡುಕಿದರೆ ಮೊದಲು ಬರುವುದು ಜಪಾನಿನ ದೈತ್ಯ ಏಡಿ. ಕಾಲು ಚಾಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 3.7 ಮೀಟರ್‌ವರೆಗೆ ಬರುತ್ತದೆ. ಅದನ್ನು ನೋಡಿ ಬೆರಗಾಗಿ ಅಲ್ಲೇ ನಿಂತುಬಿಡುವವರೇ ಜಾಸ್ತಿ. ಆದರೆ ಇದೇ ಬಳಗದಲ್ಲಿ ಉಗುರಿನಷ್ಟು, ಕಡಲೆಕಾಳಿನಷ್ಟು ಇರುವ ಪುಟ್ಟ ಏಡಿಗಳು ಎಷ್ಟೋ ಇವೆ. ನಮಗೆ ಸಿಕ್ಕಿದ್ದನ್ನು ಗೆಳತಿ ಮೆನೇಥಿಯಸ್ ಮೊನೋಸೆರೋಸ್ ಅಂತ ಗುರುತಿಸಿದಳು. ಮೊನೋಸೆರೋಸ್ ಅಂದರೆ ಒಂದು ಕೊಂಬಿನದು. 1825ರಲ್ಲಿ ಫ್ರಾನ್ಸಿನ ಲಾತ್ರೇಲ್ ಇದಕ್ಕೆ ಈ ಹೆಸರು ಕೊಟ್ಟ. ಕೆಂಪು ಸಮುದ್ರದಿಂದ ಹಿಡಿದು ಹಿಂದೂ ಮಹಾಸಾಗರ ದಾಟಿ ಪೆಸಿಫಿಕ್ ದ್ವೀಪಗಳವರೆಗೂ ಇದು ಇದೆ. ಇರುವ ಜಾಗ ಮಾತ್ರ ಎಲ್ಲ ಕಡೆ ಒಂದೇ ತೆರ. ತೀರದ ಹತ್ತಿರ, ಆಳವಿಲ್ಲದ ನೀರು, ಬಂಡೆ ಅಥವಾ ಹವಳ, ಅದರ ಮೇಲೆ ಪಾಚಿ. ಹಸಿರು ಪಾಚಿಯಲ್ಲಿ ಸಿಕ್ಕರೆ ಏಡಿ ಹಸಿರು, ಕಂದು ಪಾಚಿಯಲ್ಲಿ ಸಿಕ್ಕರೆ ಕಂದು. ತಿನ್ನುವುದೂ ಮುಖ್ಯವಾಗಿ ಪಾಚಿಯನ್ನೇ. ಅಂದರೆ ಅದಕ್ಕೆ ಮನೆ, ಊಟ, ಬಟ್ಟೆ ಮೂರೂ ಒಂದೇ ವಸ್ತು. ನಾವು ಅದಕ್ಕೆ ಇಟ್ಟ ಹೆಸರು ಕಡಲಕಳೆ.

ಈ ಏಡಿಗಳು ಬಟ್ಟೆ ಹಾಕಿಕೊಳ್ಳುವ ಬಗೆ ಕೇಳಿದರೆ ನಿಮಗೂ ಆಶ್ಚರ್ಯ ಆದೀತು. ಅವುಗಳ ಮೈಮೇಲೆ ಕೆಲವು ಕಡೆ ಕೊಕ್ಕೆಯ ಹಾಗೆ ಬಾಗಿದ ಗಟ್ಟಿ ಕೂದಲುಗಳಿವೆ. ಕೆಲವು ಜಾತಿಗಳಿಗೆ ಬೆನ್ನ ತುಂಬ, ಕಾಲ ತುಂಬ. ನಮ್ಮ ಒಂದು ಕೊಂಬಿನದಕ್ಕೆ ಮುಖ್ಯವಾಗಿ ಆ ಕೊಂಬಿನ ಮೇಲೆ, ಅದೂ ಸ್ವಲ್ಪ. ಬಾಣೆಯ ಹುಲ್ಲಿನಲ್ಲಿ ಓಡಾಡಿ ಬಂದಾಗ ಸೀರೆ ಅಂಚಿಗೆ ಉತ್ತರಾಣಿ ಕಾಳು ಹತ್ತಿಕೊಂಡಿರುತ್ತದಲ್ವಾ, ಹಾಗೆಯೇ ಇದೂ. ಆದರೆ ಉತ್ತರಾಣಿ ನಮಗೆ ಗೊತ್ತಿಲ್ಲದೆ ಅಂಟುತ್ತದೆ, ಏಡಿ ತಾನೇ ಆರಿಸಿ ಅಂಟಿಸಿಕೊಳ್ಳುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತೀರದ ಜೇಡ ಏಡಿಗಳನ್ನು ಗಂಟೆಗಟ್ಟಲೆ ಕೂತು ನೋಡಿದ ಮೇರಿ ವಿಕ್‌ಸ್ಟೆನ್ ಎಂಬ ವಿಜ್ಞಾನಿ ಈ ಕೆಲಸವನ್ನು ಹಂತ ಹಂತವಾಗಿ ಬರೆದಿಟ್ಟಿದ್ದಾರೆ. ಏಡಿ ಕೊಂಡಿಯಿಂದ ಒಂದು ತುಂಡು ಕತ್ತರಿಸುತ್ತದೆ. ಬಾಯಿಗೆ ಒಯ್ದು ಅದರ ಅಂಚನ್ನು ಜಗಿದು ಒರಟು ಮಾಡುತ್ತದೆ. ಆಮೇಲೆ ಕೊಕ್ಕೆ ಕೂದಲಿನ ಮೇಲಿಟ್ಟು ಹಿಂದೆ ಮುಂದೆ ಉಜ್ಜುತ್ತದೆ, ಹಿಡಿದುಕೊಳ್ಳುವ ತನಕ. ಹಿಡಿಯದಿದ್ದರೆ ಮತ್ತೆ ಬಾಯಿಗೆ, ಮತ್ತೆ ಬೆನ್ನಿಗೆ.

ಇದನ್ನು ನಾನು ಓದಿದ್ದು ಮನೆಗೆ ಬಂದ ಮೇಲೆ. ಆದರೆ ನೋಡಿದ್ದು ಅಲ್ಲಿಯೇ, ಆ ಗುಂಡಿಯ ಪಕ್ಕದಲ್ಲಿಯೇ. ಗೆಳತಿ ಹೇಳಿದಂತೆ ಏಡಿಯನ್ನು ವಾಪಸ್ಸು ನೀರಿಗೆ ಬಿಟ್ಟೆವು. ನಾನು ಕಿತ್ತಿದ್ದ ಎಳೆಯನ್ನು ಹುಡುಗಿ ಅದರ ಮುಂದೆ ಇಟ್ಟಳು. ತುಂಬಾ ಹೊತ್ತು ಅದು ಅಲ್ಲಾಡಲಿಲ್ಲ. ನಾವೂ ಅಲ್ಲಾಡಲಿಲ್ಲ. ನಮ್ಮ ನೆರಳು ಗುಂಡಿಯ ಮೇಲೆ ಬೀಳದ ಹಾಗೆ ಹಿಂದೆ ಸರಿದು ಕೂತೆವು. ಆಮೇಲೆ ಒಂದು ಕೊಂಡಿ ಮುಂದೆ ಬಂತು. ಸೂಜಿಗೆ ದಾರ ಪೋಣಿಸುವವರ ಬೆರಳಿನ ಹಾಗೆ ಸಣ್ಣದಾಗಿ, ನಿಧಾನವಾಗಿ. ಎಳೆಯನ್ನು ಹಿಡಿಯಿತು. ಬಾಯಿಗೆ ತೆಗೆದುಕೊಂಡು ತುದಿಯನ್ನು ಆಡಿಸಿತು. ತಿನ್ನುತ್ತಿದೆ ಅಂದುಕೊಂಡೆ. ಇಲ್ಲ, ಕೊಂಡಿ ಹಣೆಯ ಕಡೆಗೆ ಎದ್ದಿತು. ಕೊಂಬಿನ ಮೇಲೆ ಎಳೆಯನ್ನು ಒತ್ತಿ ಉಜ್ಜಿತು. ಜಾರಿತು. ಮತ್ತೆ ಬಾಯಿಗೆ. ಮತ್ತೆ ಕೊಂಬಿಗೆ. ಮೂರನೇ ಸಲವೋ ನಾಲ್ಕನೇ ಸಲವೋ ಅದು ನಿಂತಿತು. ಮುಂದಿನ ತೆರೆಯ ನೀರು ಗುಂಡಿಗೆ ನುಗ್ಗಿ ಪಾಚಿ ಎಲ್ಲ ಅಲ್ಲಾಡಿದಾಗ ನನ್ನ ಕಣ್ಣು ಅದನ್ನು ಕಳೆದುಕೊಂಡಿತು. ಹುಡುಗಿ ಮಾತ್ರ "ಅಲ್ಲಿದೆ, ಅಲ್ಲಿದೆ" ಅನ್ನುತ್ತಲೇ ಇದ್ದಳು.

ಜೇಡ ಏಡಿಗಳು ಏನು ಸಿಕ್ಕರೂ ಸುಮ್ನೆ ಹೊತ್ತುಕೊಳ್ಳುತ್ತವೆ ಅಂತಲೂ ಅಲ್ಲ. ಅಮೆರಿಕದ ಉತ್ತರ ಕೆರೊಲಿನಾ ತೀರದಲ್ಲಿ ಲಿಬಿನಿಯಾ ಡೂಬಿಯಾ ಎಂಬ ಜೇಡ ಏಡಿ ಇದೆ. ಅದರ ಮರಿಗಳು ಸುತ್ತಮುತ್ತ ಎಷ್ಟೋ ಬಗೆಯ ಪಾಚಿ ಇದ್ದರೂ ಡಿಕ್ಟಿಯೋಟ ಎಂಬ ಒಂದನ್ನೇ ಹುಡುಕಿ ಹೊದೆಯುತ್ತವೆ. ಆ ಪಾಚಿಯಲ್ಲಿ ಮೀನುಗಳಿಗೆ ಆಗದ ಒಂದು ರಾಸಾಯನಿಕ ಇದೆ. ಏಡಿ ಪಾಚಿಯನ್ನು ಗುರುತು ಹಿಡಿಯುವುದೂ ಅದೇ ರಾಸಾಯನಿಕದಿಂದ ಅಂತ ಸ್ಟಾಕೊವಿಚ್ ಮತ್ತು ಹೇ ಎಂಬ ಇಬ್ಬರು 1999ರಲ್ಲಿ ತೋರಿಸಿದರು. ಈ ಪಾಚಿ ಹೊದ್ದ ಮರಿಗಳು ಬೇರೆ ಪಾಚಿ ಹೊದ್ದವಕ್ಕಿಂತ ಜಾಸ್ತಿ ಬದುಕಿ ಉಳಿದವು. ಕಣ್ಣಿಗೆ ಕಾಣದ ಹಾಗೆ ಮರೆಯಾಗುವುದು ಒಂದು, ಕಂಡರೂ ಬಾಯಿಗೆ ಸೇರದ ಹಾಗೆ ಇರುವುದು ಇನ್ನೊಂದು. ಆ ಏಡಿ ದೊಡ್ಡದಾಗಿ ಚಿಪ್ಪು ಗಟ್ಟಿಯಾದ ಮೇಲೆ ಹೊದೆಯುವುದನ್ನೇ ಬಿಟ್ಟುಬಿಡುತ್ತದೆ. ಮೆಡಿಟರೇನಿಯನ್ ಸಮುದ್ರದ ಇನಾಕಸ್ ಎಂಬ ಪುಟ್ಟ ಜೇಡ ಏಡಿ ಇನ್ನೊಂದು ದಾರಿ ಹಿಡಿದಿದೆ. ಮುಟ್ಟಿದರೆ ಕುಟುಕುವ ಕಡಲ ಹೂವಿನ ಎಸಳುಗಳ ನಡುವೆಯೇ ಹೋಗಿ ಕೂರುತ್ತದೆ.

ನನ್ನನ್ನು ಎಲ್ಲಕ್ಕಿಂತ ಹಿಡಿದು ನಿಲ್ಲಿಸಿದ್ದು ಚಿಪ್ಪು ಬಿಡುವ ಹೊತ್ತಿನ ಸಂಗತಿ. ಏಡಿ ಬೆಳೆಯಬೇಕಾದರೆ ಹಳೇ ಚಿಪ್ಪು ಕಳಚಲೇಬೇಕು. ಹೊಸ ಚಿಪ್ಪು ಮೊದಲು ಮೆತ್ತಗೆ ಇರುತ್ತದೆ. ಯಾರು ಬೇಕಾದರೂ ತಿನ್ನಬಹುದಾದ ಹೊತ್ತು ಅದು. ಆಗ ಈ ಏಡಿಗಳು ಕಳಚಿಟ್ಟ ಚಿಪ್ಪಿನ ಹತ್ತಿರ ನಿಂತು, ಅದರ ಮೇಲಿದ್ದ ಪಾಚಿ, ಸ್ಪಂಜಿನ ತುಂಡುಗಳನ್ನು ಒಂದೊಂದಾಗಿ ಬಿಡಿಸಿ ಹೊಸ ಮೈಗೆ ಹಾಕಿಕೊಳ್ಳುತ್ತವೆ. ಹಳೇ ಸೀರೆ ಬಿಚ್ಚಿ ಕೌದಿ ಹೊಲಿಯುತ್ತಿದ್ದ ನಮ್ಮ ಅಜ್ಜಿಯ ನೆನಪಾಯಿತು. ಜೇಡ ಏಡಿಗಳಿಗೆ ಇನ್ನೊಂದು ನಿಯಮವೂ ಇದೆ. ಪ್ರಾಯಕ್ಕೆ ಬರುವಾಗ ಬಿಡುವ ಚಿಪ್ಪೇ ಕೊನೆಯದು. ಆಮೇಲೆ ಬೆಳೆಯುವುದಿಲ್ಲ. ಆ ಒಂದು ಚಿಪ್ಪಿನಲ್ಲೇ ಉಳಿದ ಆಯುಷ್ಯ.

ಕಕ್ಕಡದ ಗದ್ದೆ

ಘಾಟಿ ಹತ್ತುವಾಗ ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನನಗೆ ಮಾತ್ರ ನಮ್ಮ ಗದ್ದೆಯ ಏಡಿಗಳೇ ಕಣ್ಣ ಮುಂದೆ.

ಕೊಡಗಿನವರಿಗೆ ಏಡಿ ಅಂದರೆ ಮಳೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ನಾಟಿ ಕೆಲಸ, ಕೊರೆಯುವ ಚಳಿ, ಒಲೆಯ ಹತ್ತಿರ ಕಣಿಲೆ, ಕೆಸ, ಅಣಬೆ, ಮತ್ತೆ ಏಡಿ. ಪಕ್ಕದ ಮನೆಯ ಕೊಡವರು ಞಂಡ್ ಅನ್ನುತ್ತಿದ್ದರು. ಘಟ್ಟದ ಕೆಳಗಿನಿಂದ ಬಂದ ತುಳು ಮಾತಿನ ಆಳುಗಳು ಡೆಂಜಿ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಏಡಿ. ಮೂರು ಹೆಸರಿನಲ್ಲೂ ಬೈಗುಳ ತಿನ್ನುತ್ತಿದ್ದದ್ದು ಅದೇ. ಯಾಕೆಂದರೆ ಅದು ಗದ್ದೆಯ ಏರಿ ಕೊರೆಯುತ್ತದೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನ ಗದ್ದೆಗೆ. ಅಜ್ಜ ಗೋಣಿ ಕೊಪ್ಪೆ ಹಾಕಿಕೊಂಡು ಗುದ್ದಲಿ ಹಿಡಿದು ಏರಿಯುದ್ದಕ್ಕೂ ನಡೆಯುತ್ತಿದ್ದರು. ತೂತು ಕಂಡಲ್ಲಿ ಕೆಸರು ಹಾಕಿ ಹಿಮ್ಮಡಿಯಿಂದ ಒತ್ತುತ್ತಿದ್ದರು. ತೂತಿಗೆ ಕೈ ಹಾಕಿ ಏಡಿ ಹಿಡಿಯುವುದು ನನ್ನ ಕೆಲಸ. ಒಂಬತ್ತೋ ಹತ್ತೋ ವರ್ಷ ನನಗೆ ಆಗ. ಕೈ ಸಣ್ಣದು, ಮೊಣಕೈವರೆಗೂ ಹೋಗುತ್ತಿತ್ತು. ಒಳಗೆ ಬೆಚ್ಚಗೆ ನೀರು ತಾಗಿದರೆ ಏಡಿ ಇದೆ ಅಂತ ನನ್ನ ಲೆಕ್ಕ.

ಒಂದು ದಿನ ಹಿಡಿದ ಏಡಿ ತುಂಬ ದಪ್ಪ ಇತ್ತು. ಆದರೆ ಕಚ್ಚಲಿಲ್ಲ, ಕೊಂಡಿ ಮಡಿಚಿಕೊಂಡು ಸುಮ್ಮನಿತ್ತು. ಬಕೆಟ್ಟಿಗೆ ಹಾಕಲು ಹೋದೆ. ಕಳೆ ಕೀಳುತ್ತಿದ್ದ ಅಜ್ಜಿ ಕೂತಲ್ಲಿಂದಲೇ "ತಾ ಇಲ್ಲಿ, ತಿರುಗಿಸಿ ತೋರಿಸು" ಅಂದರು. ಹೊಟ್ಟೆಯ ಮಡಿಕೆ ಅಗಲವಾಗಿತ್ತು, ಹೆಣ್ಣೇಡಿ. ಅಜ್ಜಿ ಕೆಸರು ಕೈಯಿಂದಲೇ ಆ ಮಡಿಕೆಯನ್ನು ಒಂಚೂರು ಎತ್ತಿದರು. ಒಳಗೆ ಮರಿಗಳು. ಕರಿಮೆಣಸಿನ ಕಾಳಿಗಿಂತ ಸಣ್ಣವು, ಒಂದರ ಮೇಲೊಂದು ಒತ್ತಿಕೊಂಡು. ಮಾಸಲು ಬಿಳಿ ಮೈ, ಕಪ್ಪು ಚುಕ್ಕೆಯಂಥ ಕಣ್ಣು. ಒಂದೊಂದಕ್ಕೂ ಎರಡೆರಡು ಕೊಂಡಿ, ಎಂಟೆಂಟು ಕಾಲು. ಎಲ್ಲ ಸರಿಯಾಗಿ ಇತ್ತು, ಗಾತ್ರ ಮಾತ್ರ ಇರಲಿಲ್ಲ. ಒಂದೆರಡು ಮರಿ ಅಜ್ಜಿಯ ಬೆರಳಿಗೆ ಹತ್ತಿದವು. ಅಜ್ಜಿ ಬೆರಳನ್ನು ತಾಯಿಯ ಹೊಟ್ಟೆಯ ಹತ್ತಿರ ಹಿಡಿದು, ಅವು ವಾಪಸ್ಸು ಇಳಿಯುವವರೆಗೂ ಕಾದರು. ಮಳೆ ಹೊಡೆಯುತ್ತಲೇ ಇತ್ತು. "ಮರಿ ಇದ್ದದ್ದನ್ನ ತರಬೇಡ. ಎಲ್ಲಿಂದ ತೆಗೆದೆಯೋ ಅಲ್ಲೇ ಬಿಟ್ಟು ಬಾ" ಅಂದರು. ಆದರೆ ಆ ತೂತನ್ನು ಅಜ್ಜ ಅಷ್ಟರಲ್ಲಿ ಮುಚ್ಚಿ ಆಗಿತ್ತು. ನಾನು ಅದನ್ನು ತೋಡಿನ ಬದಿಯಲ್ಲಿ, ಬಿದ್ದ ಮರದ ಬುಡದಲ್ಲಿ ಕೊಳೆತ ಎಲೆಗಳ ರಾಶಿಯ ಹತ್ತಿರ ಬಿಟ್ಟೆ. ಎಲೆಯ ಅಡಿಗೆ ನುಗ್ಗಿ ಹೋಯಿತು.

ಆ ಹೊಟ್ಟೆ ತುಂಬ ಮರಿ ಅಂದರೆ ಎಂಥ ದೊಡ್ಡ ವಿಷಯ ಅಂತ ನನಗೆ ಗೊತ್ತಾದದ್ದು ತೀರಾ ಈಚೆಗೆ. ಸಮುದ್ರದ ಏಡಿಯ ಮೊಟ್ಟೆಯಿಂದ ಹೊರಬರುವುದು ಏಡಿಯ ರೂಪದ ಮರಿ ಅಲ್ಲ. ನೀರಿನಲ್ಲಿ ತೇಲುವ, ಮುಳ್ಳು ಬಾಲ ಇರುವ ಬೇರೆಯೇ ಒಂದು ಜೀವಿ. ಅದಕ್ಕೆ ಜೋಯಿಯಾ ಅನ್ನುತ್ತಾರೆ. ಜೇಡ ಏಡಿಗಳಲ್ಲಿ ಈ ಜೋಯಿಯಾ ಎರಡು ಹಂತ ದಾಟಿ, ಆಮೇಲೆ ಮೆಗಲೋಪ ಎಂಬ ಇನ್ನೊಂದು ರೂಪಕ್ಕೆ ಬಂದು, ಕೊನೆಗೆ ತಳಕ್ಕಿಳಿದು ಏಡಿಯಾಗುತ್ತದೆ. ಅಷ್ಟರಲ್ಲಿ ನೀರಿನ ಸೆಳೆತ ಅದನ್ನು ಎಲ್ಲಿಂದ ಎಲ್ಲಿಗೋ ಒಯ್ದಿರುತ್ತದೆ. ಬಹುಪಾಲು ಮೀನಿನ ಬಾಯಿಗೆ. ಉಳಿದ ಕೆಲವು ಹೊಸ ಬಂಡೆಗೆ, ಹೊಸ ಪಾಚಿಗೆ. ಒಂದು ಬಂಡೆಯ ಪಾಚಿ ಒಣಗಿ ಹೋದರೂ ಇನ್ನೊಂದು ಕಡೆಯಿಂದ ತೇಲಿ ಬರುವವರು ಇದ್ದಾರೆ. ಸೋಮೇಶ್ವರದ ಆ ಪುಟ್ಟ ಏಡಿಯ ಜಾತಿ ಕೆಂಪು ಸಮುದ್ರದಲ್ಲೂ ಪೆಸಿಫಿಕ್‌ನಲ್ಲೂ ಇರುವುದು ಹೀಗೆ.

ನಮ್ಮ ಗದ್ದೆ ಏಡಿಗೆ ಈ ತೇಲುವ ಬಾಲ್ಯ ಇಲ್ಲ. ಸಿಹಿನೀರಿನ ಏಡಿಯ ಮೊಟ್ಟೆ ಕಡಿಮೆ, ಆದರೆ ದೊಡ್ಡದು. ಮರಿ ಮೊಟ್ಟೆಯೊಳಗೇ ಎಲ್ಲ ಹಂತ ಮುಗಿಸಿ, ಪೂರಾ ಏಡಿಯಾಗಿಯೇ ಹೊರಗೆ ಬರುತ್ತದೆ. ಬಂದ ಮೇಲೂ ಕೆಲವು ದಿನ ತಾಯಿಯ ಹೊಟ್ಟೆಯಲ್ಲೇ. ಆಮೇಲೆ ತಾಯಿ ಎಲ್ಲಿ ಇಳಿಸುತ್ತಾಳೋ ಅದೇ ಊರು. ಗುಡ್ಡ ಹತ್ತಿ ಪಕ್ಕದ ಕಣಿವೆಗೆ ಹೋಗುವುದು ಅದರಿಂದ ಆಗದ ಕೆಲಸ. ಹಾಗೆ ಲಕ್ಷಾಂತರ ವರ್ಷ ಒಂದೊಂದು ಕಣಿವೆಯಲ್ಲಿ ಉಳಿದುಕೊಂಡದ್ದರಿಂದಲೇ ಪಶ್ಚಿಮ ಘಟ್ಟದಲ್ಲಿ ಇಷ್ಟು ಬಗೆಯ ಏಡಿ. ಯಲ್ಲಾಪುರದ ಕಾಡಿನಲ್ಲಿ ಬಿಳಿ ಮತ್ತು ನೇರಳೆ ಎರಡು ಬಣ್ಣದ ಏಡಿ ಸಿಕ್ಕಿ, 2022ರಲ್ಲಿ ಅದಕ್ಕೆ ಘಾಟಿಯಾನ ದ್ವಿವರ್ಣ ಅಂತ ಹೆಸರಾಯಿತು. ತಿರುವನಂತಪುರದ ಕಡೆ ಅಗಸ್ತ್ಯಮಲೆಯ ಕಾಡಿನಲ್ಲಿ ಮರದ ಪೊಟರೆಯ ನೀರಿನಲ್ಲೇ ಬದುಕುವ ಏಡಿ ಇದೆ. 2017ರಲ್ಲಿ ಅದರ ಹೆಸರು ಕಾನಿ ಮರಞಂಡು ಅಂತ ದಾಖಲಾಯಿತು. ಅಲ್ಲಿನ ಕಾನಿ ಜನರ ಹೆಸರು, ಜೊತೆಗೆ ಮರದ ಏಡಿ ಎಂಬ ಮಲಯಾಳಂ ಮಾತು. ಈ ಹೆಸರನ್ನು ಪಕ್ಕದ ಮನೆಯ ಕೊಡವ ಹಿರಿಯರಿಗೆ ಹೇಳಿದೆ. ಅರ್ಥ ನಾನು ಹೇಳಬೇಕಾಗಲೇ ಇಲ್ಲ. "ಮರತ್‌ರ ಞಂಡ್ ಅಲ್ವಾ?" ಅಂದರು. ವಿಜ್ಞಾನದ ಹೆಸರೊಂದು ನಮ್ಮ ಜಗಲಿಯ ಮೇಲೆ ಹಾಗೆ ಸಲೀಸಾಗಿ ಕೂತದ್ದು ನನಗೆ ತುಂಬ ಖುಷಿ ಕೊಟ್ಟಿತು.

ಖುಷಿಯ ಹಿಂದೆಯೇ ಭಯವೂ ಇದೆ. 2009ರಲ್ಲಿ ಜಗತ್ತಿನ ಸಿಹಿನೀರಿನ ಏಡಿಗಳನ್ನೆಲ್ಲ, ಅಂದರೆ ಆಗ ಗೊತ್ತಿದ್ದ 1,280 ಜಾತಿಗಳನ್ನು, ಒಟ್ಟಿಗೆ ಇಟ್ಟು ನೋಡಿದಾಗ ಹೆಚ್ಚುಕಡಿಮೆ ಆರರಲ್ಲಿ ಒಂದು ಜಾತಿ ಅಳಿಯುವ ಅಪಾಯದಲ್ಲಿತ್ತು. ಅರ್ಧದಷ್ಟು ಜಾತಿಗಳ ಬಗ್ಗೆ ತೀರ್ಮಾನ ಹೇಳುವಷ್ಟು ಮಾಹಿತಿಯೇ ಇರಲಿಲ್ಲ. ಒಂದು ಕಣಿವೆಯ ಏಡಿ ಹೋದರೆ ಅಲ್ಲಿಗೆ ತೇಲಿ ಬರುವವರು ಯಾರೂ ಇಲ್ಲವಲ್ಲ.

ಹಿಟಾಚಿ ಬಂದ ವರ್ಷ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ ಬಗ್ಗೆ ಇಲ್ಲಿ ಮತ್ತೆ ಬರೆಯುವುದಿಲ್ಲ. ಜೋಡುಪಾಲ, ಮಕ್ಕಂದೂರು ಅಂದರೆ ಸಾಕು, ಓದುವವರಿಗೆ ಎಲ್ಲ ಕಣ್ಣಿಗೆ ಬರುತ್ತದೆ. ನಮ್ಮ ಕಡೆ ಗುಡ್ಡ ಜಾರಲಿಲ್ಲ. ಆದರೆ ಹೆದರಿಕೆ ಎಲ್ಲರ ಎದೆಯಲ್ಲೂ ಇತ್ತು. ನೀರು ನಿಲ್ಲಬಾರದು, ಸರಾಗ ಹರಿದು ಹೋಗಬೇಕು ಅನ್ನುವುದೊಂದೇ ಮಾತು. ಮರು ವರ್ಷ ಮೇ ತಿಂಗಳಲ್ಲಿ ಗಂಟೆ ಲೆಕ್ಕದಲ್ಲಿ ಹಿಟಾಚಿ ಕರೆಸಿ ನಮ್ಮ ತೋಡನ್ನು ನಾನೇ ಕ್ಲೀನ್ ಮಾಡಿಸಿದೆ. ಬಿದ್ದ ಮರ, ಕೊಳೆತ ಎಲೆ, ಬಿದಿರಿನ ಬುಡ, ಬದಿಯ ಕೇದಗೆ, ನಡುವಿನ ಕಲ್ಲು, ಎಲ್ಲ ತೆಗೆಸಿದೆ. ಎರಡು ಕಡೆ ಮಣ್ಣನ್ನು ಬಕೆಟ್ಟಿನಿಂದ ತಟ್ಟಿ ಗೋಡೆಯ ಹಾಗೆ ನೇರ ಮಾಡಿದರು. ಸಂಜೆ ನಿಂತು ನೋಡಿದಾಗ ನಿಜವಾಗಿ ಸಮಾಧಾನ ಆಗಿತ್ತು. ಎಷ್ಟು ಚೊಕ್ಕ ಆಯಿತು ಅಂತ ಫೋಟೋ ತೆಗೆದು ಅಣ್ಣನಿಗೆ ಕಳಿಸಿದ್ದೆ. ಆ ಫೋಟೋ ಈಗಲೂ ಫೋನಿನಲ್ಲಿದೆ.

ಆ ಮಳೆಗಾಲದಲ್ಲಿ ನೀರು ಸರಾಗ ಹರಿಯಿತು, ಅದು ನಿಜ. ಆದರೆ ಮಳೆ ನಿಂತ ಹದಿನೈದು ದಿನಕ್ಕೆ ತೋಡು ಮೊದಲಿನ ಹಾಗೆ ಉಳಿಯಲಿಲ್ಲ, ಬೇಗ ಸೊರಗಿತು. ಏಡಿ ಕಾಣಲಿಲ್ಲ. ಮರು ವರ್ಷವೂ ಕಾಣಲಿಲ್ಲ. ಏಡಿಗೆ ಏನು ಬೇಕು ಅಂತ ಆಗ ಯೋಚಿಸಿರಲಿಲ್ಲ. ಅದಕ್ಕೆ ಕಿವಿರು ಇದೆ, ಅದು ಒದ್ದೆ ಇರಬೇಕು. ಬೇಸಿಗೆಯಲ್ಲಿ ನೀರಿನ ಪಸೆ ಇರುವವರೆಗೂ ಆಳಕ್ಕೆ ಬಿಲ ತೋಡಿ, ಬಾಯಿಗೆ ಮಣ್ಣು ಮುಚ್ಚಿಕೊಂಡು ಮಳೆಗೆ ಕಾಯುತ್ತದೆ. ನಾನು ಹಿಟಾಚಿ ಕರೆಸಿದ್ದು ಮೇ ತಿಂಗಳಲ್ಲಿ. ಅಂದರೆ ಅವೆಲ್ಲ ಆ ಬದಿಯ ಮಣ್ಣಿನೊಳಗೇ ಇದ್ದವು. ಅದರ ಊಟ ಕೊಳೆತ ಎಲೆ, ಬಸವನಹುಳು, ಸಣ್ಣಪುಟ್ಟ ಹುಳ. ಚಿಪ್ಪು ಬಿಡುವಾಗ ಅಡಗಲಿಕ್ಕೆ ಬೇಕಾದದ್ದು ಕಲ್ಲಿನ ಸಂದು, ಬೇರಿನ ಸಂದು. ನಾನು ಕಸ ಅಂತ ಟ್ರ್ಯಾಕ್ಟರಿಗೆ ತುಂಬಿಸಿ ಕಳಿಸಿದ ಪಟ್ಟಿ ಮತ್ತು ಏಡಿಗೆ ಬೇಕಾದ ಪಟ್ಟಿ ಎರಡೂ ಒಂದೇ ಆಗಿತ್ತು. ಏಡಿ ಕಮ್ಮಿಯಾಗಲು ಬೇರೆ ಕಾರಣಗಳೂ ಇವೆ. ಗದ್ದೆಗಳು ಪಾಳು ಬಿದ್ದಿವೆ, ಕೆಲವು ಕಡೆ ಶುಂಠಿ ಬಂದಿದೆ, ಕಳೆಗೆ ಔಷಧಿ ಹೊಡೆಯುತ್ತಾರೆ. ಅದೆಲ್ಲ ಊರಿನ ಮಾತಾಯಿತು. ನಮ್ಮ ತೋಡಿನದ್ದು ನನ್ನ ಕೈಯಿಂದಲೇ ಆದದ್ದು.

ಸೋಮೇಶ್ವರದಲ್ಲಿ ಆ ಎಳೆ ಕಿತ್ತಾಗ ಗೆಳತಿ ಮುಂಗೈ ಹಿಡಿದಳು. ತೋಡಿನ ಹತ್ತಿರ ಯಾರೂ ಹಿಡಿಯಲಿಲ್ಲ. ಅಜ್ಜಿ ಇದ್ದಿದ್ದರೆ ಹಿಡಿಯುತ್ತಿದ್ದರೋ ಏನೋ. ಎರಡೂ ಸಲ ನನ್ನ ಮನಸ್ಸಿನಲ್ಲಿದ್ದದ್ದು ಒಳ್ಳೆಯದು ಮಾಡುವ ಯೋಚನೆಯೇ. ಏಡಿಗೆ ನಡೆಯಲು ಸಲೀಸಾಗಲಿ, ನೀರಿಗೆ ಹರಿಯಲು ಸಲೀಸಾಗಲಿ. ಹೀಗೆ ಅಂದುಕೊಂಡೇ ನಾವು ಎಷ್ಟೋ ಕಡೆ ಗುಡಿಸುತ್ತೇವೆ. ಕಾಫಿ ಗಿಡದ ಬುಡ ಗುಡಿಸುತ್ತೇವೆ, ಕೆರೆಯ ದಡ ಗುಡಿಸುತ್ತೇವೆ. ಗುಡಿಸಬಾರದು ಅಂತ ನಾನು ಹೇಳುತ್ತಿಲ್ಲ. ಹೊರಗಿನಿಂದ ನೋಡಿದರೆ ಅಂಟಿಕೊಂಡದ್ದು ಯಾವುದು, ಆರಿಸಿಕೊಂಡದ್ದು ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೆ ಆ ಗುಂಡಿಯ ಪಕ್ಕ ಕೂತ ಹಾಗೆ ಸ್ವಲ್ಪ ಹೊತ್ತು ಅಲ್ಲಾಡದೆ ಕೂರಬೇಕಾಗುತ್ತದೆ. ಹಿಟಾಚಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವಾಗ ಕೂರಲಿಕ್ಕೆ ಹೊತ್ತೆಲ್ಲಿ?

ನಕ್ಷೆ ನೋಡುತ್ತಿದ್ದಾಗ ಇನ್ನೊಂದು ಯೋಚನೆ ಬಂತು. ನಮ್ಮ ತೋಡಿನ ನೀರು ಕಾವೇರಿ ಸೇರಿ ಪೂರ್ವಕ್ಕೆ ಹೋಗುತ್ತದೆ. ಗುಡ್ಡದ ಆಚೆ, ಸಂಪಾಜೆ ಕಡೆ ಬಿದ್ದ ಮಳೆ ಪಯಸ್ವಿನಿಗೆ ಇಳಿದು, ಚಂದ್ರಗಿರಿಯಾಗಿ ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ದಕ್ಷಿಣದ ಬರಪೊಳೆಯೂ ಪಶ್ಚಿಮಕ್ಕೇ. ಕೊಡಗಿನ ಆ ಕಡೆಯ ತೋಡುಗಳಲ್ಲಿ ಬದಿ ಕೆರೆದು ಸಡಿಲ ಮಾಡಿದ ಮಣ್ಣು ನೀರಿನ ಜೊತೆ ಆ ಸಮುದ್ರಕ್ಕೂ ಹೋಗುತ್ತದೆ. ಕೆಸರು ಕವಿದ ಬಂಡೆಯ ಮೇಲೆ ಬೆಳಕು ಬೀಳದೆ ಪಾಚಿ ಸರಿಯಾಗಿ ಬೆಳೆಯುವುದಿಲ್ಲ. ಕೊಡಗಿಗೂ ಕಡಲ ಏಡಿಗೂ ಏನು ಸಂಬಂಧ ಅಂತ ಈಗ ನನಗೆ ಅನ್ನಿಸುವುದಿಲ್ಲ.

ಈ ವರ್ಷ ಮಳೆಗೆ ಮೊದಲು ಹಿಟಾಚಿ ಕರೆಸಲಿಲ್ಲ. ಮೋರಿಯ ಬಾಯಿಯಲ್ಲಿ ಸಿಕ್ಕಿಕೊಂಡ ಕೊಂಬೆಗಳನ್ನು ಮಾತ್ರ ಆಳು ಹಚ್ಚಿ ತೆಗೆಸಿದೆ. ಅದು ತೆಗೆಯಲೇಬೇಕು, ಇಲ್ಲದಿದ್ದರೆ ರಸ್ತೆ ಕೊಚ್ಚಿ ಹೋಗುತ್ತದೆ. ಮೇಲ್ಗಡೆ ಬಿದಿರು ಮತ್ತೆ ಚಿಗುರಿದೆ. ಹೋದ ವರ್ಷದ ಗಾಳಿಗೆ ಬಿದ್ದ ಹಲಸಿನ ಕೊಂಬೆ ತೋಡಿಗೆ ಅಡ್ಡ ಮಲಗಿದೆ, ಅದರ ಹಿಂದೆ ಎಲೆಗಳ ರಾಶಿ ಸೇರಿ ಸಣ್ಣ ಮಡು ಆಗಿದೆ. ಮೊನ್ನೆ ಮಳೆ ಸ್ವಲ್ಪ ಬಿಟ್ಟಾಗ, ಕೆಲಸಕ್ಕೆ ಬರುವ ಹುಡುಗನ ಜೊತೆ ಅಲ್ಲಿಗೆ ಹೋಗಿದ್ದೆ. ಮಡುವಿನ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಕಪ್ಪಗೆ ಏನೋ ಬಿದ್ದಿತ್ತು. "ಅಕ್ಕ, ಗಲೀಜು. ನೀರು ಹಾಕಿ ತೊಳೆದುಬಿಡ್ಲಾ?" ಅಂತ ಅವನು ಕೈಯಲ್ಲಿ ನೀರು ತುಂಬಿಕೊಂಡ. ಬೇಡ, ತಾಳು ಅಂದೆ. ಹತ್ತಿರ ಹೋಗಿ ಕೂತೆ. ನೀರುನಾಯಿಯ ಹಿಕ್ಕೆ. ಚಿಕ್ಕಂದಿನಲ್ಲಿ ಅಜ್ಜ ತೋರಿಸಿದ್ದರು, ಆಮೇಲೆ ಎಷ್ಟೋ ವರ್ಷ ಕಂಡಿರಲಿಲ್ಲ. ನಮ್ಮ ಕಡೆಯ ಚಿಕ್ಕ ನೀರುನಾಯಿಯ ಮುಖ್ಯ ಊಟವೇ ಏಡಿ. ಕಡ್ಡಿಯಿಂದ ಬಿಡಿಸಿ ನೋಡಿದೆ. ಒಳಗೆಲ್ಲ ಚಿಪ್ಪಿನ ಚೂರು. ಕಿತ್ತಳೆ ಕಂದು ಬಣ್ಣ, ಒಂದು ಚೂರಿನಲ್ಲಿ ಕೊಂಡಿಯ ತುದಿಯ ಹಲ್ಲು ಇನ್ನೂ ಸ್ಪಷ್ಟ ಇತ್ತು.

ಹುಡುಗ ಕೈಯಲ್ಲಿದ್ದ ನೀರನ್ನು ತೋಡಿಗೇ ಬಿಟ್ಟ. "ಇದನ್ನ ಹೀಗೇ ಬಿಡೋದಾ ಅಕ್ಕ?" ಅಂತ ಕೇಳಿದ. ಹೌದು, ಹೀಗೇ ಇರಲಿ ಅಂದೆ. ಮತ್ತೆ ಮಳೆ ಶುರುವಾಯಿತು.